ಹೈಸ್ಕೂಲು ಮಕ್ಕಳ ಬೇಸಿಗೆ ಓದು: ವಿಷಯ ಯಾವುದು, ಚಿತ್ರ ಎಂಥದ್ದು?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿ ಅರಿವು ಕೇಂದ್ರದ (ಗ್ರಾಮದ ಗ್ರಂಥಾಲಯದ) ಮೇಲ್ವಿಚಾರಕಿ. ಕಳೆದ ಬೇಸಿಗೆ ಶಿಬಿರಕ್ಕೆ ಚಿಕ್ಕ ಮಕ್ಕಳು ಚೆನ್ನಾಗಿ ಬಂದರು. ಎಂಟನೇ ಕ್ಲಾಸಿನಿಂದ ಮೇಲಿನವರು ಒಂದೆರಡು ದಿನ ಇಣುಕಿ ನೋಡಿ ಹೋದರು, ಅಷ್ಟೆ. ಈ ಸಲ 13ರಿಂದ 17 ವರ್ಷದವರಿಗೆ ಬೇರೆಯೇ ಓದಿನ ಕಾರ್ಯಕ್ರಮ ಮಾಡಬೇಕೆಂದಿದ್ದೇನೆ. ವಿಷಯ ಹೇಗೆ ಆರಿಸುವುದು? ಪೋಸ್ಟರಿಗೆ, ಕಾರ್ಡಿಗೆ ಚಿತ್ರವನ್ನು ಗೂಗಲ್‌ನಿಂದ ತೆಗೆದುಕೊಳ್ಳಬಹುದೆ? ಅಮೆರಿಕದ ಗ್ರಂಥಾಲಯಗಳು ವರ್ಷವರ್ಷ ಮಾಡುವ ಥೀಮ್ ಮತ್ತು ಚಿತ್ರಗಳನ್ನೇ ಕನ್ನಡಕ್ಕೆ ಮಾಡಿಕೊಳ್ಳಿ ಎಂದು ಒಬ್ಬರು ಹೇಳಿದರು. ನಮ್ಮಲ್ಲಿ ಪ್ರಿಂಟಿಗೆ ಜೆರಾಕ್ಸ್ ಅಂಗಡಿಯೇ ಗತಿ.

ಉತ್ತರ: ಮೊದಲು ಕಪಾಟು, ಆಮೇಲೆ ವಿಷಯ, ಕೊನೆಗೆ ಚಿತ್ರ. ಹೆಚ್ಚಿನ ಕಡೆ ಇದು ತಲೆಕೆಳಗಾಗುತ್ತದೆ. ಯಾರಿಗೋ ಒಂದು ಚಂದದ ಚಿತ್ರ ಸಿಗುತ್ತದೆ, ಅದಕ್ಕೊಂದು ಘೋಷಣೆ ಹುಟ್ಟುತ್ತದೆ, ಪೋಸ್ಟರ್ ಗೋಡೆಗೆ ಏರುತ್ತದೆ. ಅದನ್ನು ನೋಡಿ ಬಂದ ಹುಡುಗಿ ಕೇಳಿದರೆ ಕೈಗೆ ಕೊಡಲು ಆ ವಿಷಯದ ಪುಸ್ತಕ ನಾಲ್ಕೂ ಇರುವುದಿಲ್ಲ. ಚಿಕ್ಕವರು ಹಾಡು, ಆಟ, ಬಣ್ಣ ಇದ್ದರೆ ಉಳಿದುಕೊಳ್ಳುತ್ತಾರೆ. ಹದಿನೈದರವರು ಉಳಿಯುವುದಿಲ್ಲ, ಎರಡನೇ ದಿನವೇ ಲೆಕ್ಕ ಹಾಕಿ ಹೊರಟುಬಿಡುತ್ತಾರೆ.

ಹಾಗಾಗಿ ಕಪಾಟಿನ ಮುಂದೆ ಕುಳಿತು ಪುಸ್ತಕಗಳನ್ನು ಹೊರಗೆ ತೆಗೆಯಿರಿ. ಒಂದು ವಿಷಯ ನಿಲ್ಲಬೇಕಾದರೆ ಅದರಡಿ ಕನಿಷ್ಠ 30 ಶೀರ್ಷಿಕೆ ಬರಬೇಕು. ಲೆಕ್ಕ ಹೀಗೆ: 20 ಮಕ್ಕಳು ಸೇರಿ ತಲಾ 3 ಪುಸ್ತಕ ಓದಿದರೆ 60 ಸಲ ಎರವಲು. ಒಂದು ಪುಸ್ತಕ ಮನೆಯಲ್ಲಿ ಹತ್ತು ದಿನ ಉಳಿಯಿತೆಂದರೆ ಆರು ವಾರದಲ್ಲಿ ಅದು ನಾಲ್ಕು ಕೈ ದಾಟಬಹುದು, ಅಂದರೆ ಕಾಗದದ ಮೇಲೆ 15 ಪುಸ್ತಕ ಸಾಕು. ಆದರೆ ಎಲ್ಲರೂ ಕೇಳುವುದು ಅದೇ ಐದಾರನ್ನು, ಅಜ್ಜಿ ಮನೆಗೆ ಹೋದ ಪುಸ್ತಕ ಜೂನ್‌ವರೆಗೂ ಬರುವುದಿಲ್ಲ. ಅದಕ್ಕೇ ದುಪ್ಪಟ್ಟು ಇಟ್ಟುಕೊಳ್ಳಿ. ಈ 30ರಲ್ಲಿ ಹತ್ತಾದರೂ ಕಥೆ ಕಾದಂಬರಿ ಅಲ್ಲದವು ಇರಲಿ: ವಿಜ್ಞಾನ, ಪ್ರವಾಸ, ಜೀವನಚರಿತ್ರೆ, ಚಿತ್ರ ಸಹಿತ ಮಾಹಿತಿ. ಕಾದಂಬರಿ ಮುಟ್ಟದ ಹುಡುಗರು ಹೆಚ್ಚಾಗಿ ಬರುವುದು ಈ ಬಾಗಿಲಿನಿಂದಲೇ. ಐದಾರು ತೆಳ್ಳನೆಯವು, 60–70 ಪುಟದವು, ಬೇಕೇ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಹೈಸ್ಕೂಲಿನ ಗ್ರಂಥಾಲಯದಿಂದಲೋ ಪಕ್ಕದ ಪಂಚಾಯತಿ ಕೇಂದ್ರದಿಂದಲೋ ಎರಡು ತಿಂಗಳಿಗೆ ತರಿಸಿಕೊಳ್ಳಬಹುದು. ಬರೆದುಕೊಟ್ಟು ತೆಗೆದುಕೊಂಡರೆ ಯಾರೂ ಇಲ್ಲ ಅನ್ನುವುದಿಲ್ಲ.

ಇನ್ನೊಂದು ಕೆಲಸ, ಸದಸ್ಯತ್ವದ ರಿಜಿಸ್ಟರ್ ತೆಗೆದು ಈ ವಯಸ್ಸಿನವರ ಹೆಸರಿಗೆ ಗುರುತು ಹಾಕಿ. 2020ರಲ್ಲಿ ಪಂಚಾಯತಿ ಗ್ರಂಥಾಲಯಗಳ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದವರನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡಿದ್ದರು. ಆಗ ಐದನೇ ಕ್ಲಾಸಿನಲ್ಲಿ ಹೆಸರು ಬರೆಸಿದವರು ಈಗ ನಿಮಗೆ ಬೇಕಾದ ವಯಸ್ಸಿಗೆ ಬಂದಿದ್ದಾರೆ. ಹೊಸಬರನ್ನು ಹುಡುಕುವುದಕ್ಕಿಂತ ಇವರನ್ನು ಕರೆಯುವುದು ಸುಲಭ.

ಅಮೆರಿಕದ ಥೀಮ್ ಬಗ್ಗೆ. ಅಲ್ಲಿ ‘ಕೊಲಾಬರೇಟಿವ್ ಸಮ್ಮರ್ ಲೈಬ್ರರಿ ಪ್ರೋಗ್ರಾಮ್’ ಎಂಬ ಒಕ್ಕೂಟವಿದೆ. 1987ರಲ್ಲಿ ಮಿನ್ನೆಸೋಟ ರಾಜ್ಯದ ಕೆಲವು ಗ್ರಂಥಾಲಯ ವ್ಯವಸ್ಥೆಗಳು ಸೇರಿ ಆರಂಭಿಸಿದ್ದು. ವರ್ಷಕ್ಕೊಂದು ಘೋಷಣೆ ಆರಿಸಿ, ಕಲಾವಿದರಿಂದ ಚಿತ್ರ ಬರೆಸಿ, ಸದಸ್ಯ ಗ್ರಂಥಾಲಯಗಳಿಗೆ ಕೊಡುತ್ತದೆ. 2022ರದ್ದು ಸಮುದ್ರ, 2023ರದ್ದು ಎಲ್ಲರೂ ಒಟ್ಟಿಗೆ ಎಂಬರ್ಥದ್ದು, 2025ರದ್ದು ಬಣ್ಣ ಮತ್ತು ಕಲೆ. ಆ ಚಿತ್ರಗಳು ಸದಸ್ಯರಿಗೆ ಮಾತ್ರ. ನೀವು ಇಳಿಸಿಕೊಂಡು ಮೇಲೆ ಕನ್ನಡ ಅಕ್ಷರ ಕೂರಿಸಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ, ಅಲ್ಲಿಗೆ ಮಾತು ಮುಗಿಯಿತು. ಅವರಿಂದ ಕಲಿಯಬೇಕಾದ್ದು ಎರಡಿವೆ. ಒಂದು, ಅವರ ವಿಷಯಗಳು ಅಗಲವಾಗಿರುತ್ತವೆ. ಸಮುದ್ರ ಎಂದರೆ ಮೀನೂ ಹೌದು, ಕಡಲ್ಗಳ್ಳರೂ ಹೌದು, ಹಡಗು, ಬಂದರು, ವಲಸೆಯೂ ಹೌದು. ಎರಡು, ಘೋಷಣೆ ಒಂದೇ ಇದ್ದರೂ ಚಿಕ್ಕವರಿಗೆ ಒಂದು ಪೋಸ್ಟರ್, ಹದಿಹರೆಯದವರಿಗೆ ಬೇರೆಯದೇ ಪೋಸ್ಟರ್.

ಇನ್ನು ನಿಮ್ಮ ಊರಿಗೆ ಏನು ಒಪ್ಪುತ್ತದೆ? ಈ ಕಡೆ ಯಾರನ್ನೇ ಕೇಳಿ, ಮೊದಲು ಬರುವುದು ಕಾಫಿ, ಶಿಲಾಬಾಲಿಕೆ, ಆನೆ. ಮೂರರ ಬಗ್ಗೆಯೂ ನನ್ನದು ತಕರಾರಿದೆ.

ಕಾಫಿಯ ಮೇಲೆ ಕನ್ನಡದಲ್ಲಿ ಹದಿಹರೆಯದವರು ಓದುವಂಥ ಪುಸ್ತಕ ನಿಮ್ಮ ಕಪಾಟಿನಲ್ಲಿ ಎಷ್ಟಿವೆ ಎಂದು ಎಣಿಸಿ ನೋಡಿ. ಅದಲ್ಲದೆ ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಮಕ್ಕಳಿಗೆ ಕಾಫಿ ಎಂದರೆ ಅಪ್ಪ ಅಮ್ಮನ ದಿನಗೂಲಿ. ‘ಕಾಫಿಯ ಘಮ’ ರೆಸಾರ್ಟಿನ ಬೋರ್ಡಿಗೆ ಚೆನ್ನ. ಆನೆ ಇನ್ನೂ ಸೂಕ್ಷ್ಮ. ಸಕಲೇಶಪುರ, ಆಲೂರು, ಬೇಲೂರು ಭಾಗದಲ್ಲಿ ಆನೆ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡ ಕುಟುಂಬಗಳಿವೆ, ಆ ಮನೆಯ ಹುಡುಗ ನಿಮ್ಮ ಕೇಂದ್ರಕ್ಕೇ ಬರಬಹುದು. ಸೊಂಡಿಲಲ್ಲಿ ಪುಸ್ತಕ ಹಿಡಿದು ನಗುವ ಆನೆಮರಿಯನ್ನು ಅವನ ಕಣ್ಣಿನಿಂದ ಒಮ್ಮೆ ನೋಡಿ. ಆನೆಯ ಬಗ್ಗೆ ಓದಿ ಚರ್ಚಿಸುವುದು ಬೇರೆ ಮಾತು, ಅದು ಬೇಕು ಕೂಡ. ಲಾಂಛನವಾಗಿ ಬೇಡ.

ಶಿಲಾಬಾಲಿಕೆಯ ತೊಂದರೆ ಬೇರೆ. ಬಸ್‌ಸ್ಟ್ಯಾಂಡಿನಿಂದ ಬಿಸ್ಕತ್ ಡಬ್ಬದವರೆಗೆ ನೋಡಿ ನೋಡಿ ಈ ಜಿಲ್ಲೆಯ ಮಕ್ಕಳ ಕಣ್ಣು ಅದನ್ನು ದಾಟಿ ಹೋಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲಂತೂ ಇನ್ನೂ ಹೆಚ್ಚು. ಹಾಗೆಂದು ಕಲ್ಲನ್ನು ಬಿಡಬೇಕಿಲ್ಲ, ಬೇರೆ ಮಗ್ಗುಲಿನಿಂದ ಹಿಡಿದರಾಯಿತು. ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ, ಮಲ್ಲಿತಮ್ಮ ಮುಂದಿನ ಕಾಲದ ಹಲವು ಗುಡಿಗಳಲ್ಲಿ. ಡೆಸ್ಕಿನ ಮೇಲೆ ಕೈವಾರದ ಮೊನೆಯಿಂದ ಹೆಸರು ಗೀಚುವ ವಯಸ್ಸಿನವರಿಗೆ ಇದು ನೇರ ತಾಗುತ್ತದೆ. ‘ಹೆಸರು ಕೆತ್ತಿದವರು’ ಎಂದಿಟ್ಟರೆ ಶಿಲ್ಪಿಗಳು, ಶಾಸನಗಳು, ಆತ್ಮಕಥೆಗಳು, ವಿಜ್ಞಾನಿಗಳ ಜೀವನ, ಆಟಗಾರರು, ಗುಪ್ತಲಿಪಿ ಎಲ್ಲವೂ ಒಳಗೆ ಬರುತ್ತವೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹದಿನಾರು ಸಾಲಿನ ಶಾಸನ, ಸುಮಾರು ಕ್ರಿ.ಶ. 450ರದ್ದು, ಒಂದು ಮಧ್ಯಾಹ್ನದ ಚಟುವಟಿಕೆಗೆ ಸಾಕು: ಅಕ್ಷರ ನೋಡಿ ನಕಲು ಮಾಡುವುದು, ಇವತ್ತಿನ ಅಕ್ಷರದ ಪಕ್ಕ ಇಟ್ಟು ಹೋಲಿಸುವುದು. ಗೋಡೆಯ ಮೇಲೆ ಎಷ್ಟು ಓದಿದೆವು ಎಂದು ತೋರಿಸುವ ಪಟ್ಟಿಗೆ ಹಳೇಬೀಡಿನ ಗೋಡೆಯ ತಳದ ಸಾಲುಗಳನ್ನೇ ಬಳಸಬಹುದು. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ದೃಶ್ಯ, ಮಕರ, ಹಂಸ. ಪುಸ್ತಕ ಮುಗಿದಂತೆ ಒಂದೊಂದು ತುಂಡು ಅಂಟಿಸುತ್ತ ಸಾಲು ಮೇಲೇರಲಿ. ದೇವರ ಮೂರ್ತಿಯನ್ನು ಮಾತ್ರ ಬುಕ್‌ಮಾರ್ಕಿಗೆ, ಕಾರ್ಡಿಗೆ ಹಾಕಬೇಡಿ. ಅದು ನೆಲಕ್ಕೆ ಬೀಳುತ್ತದೆ, ಕಾಲಡಿ ಸಿಗುತ್ತದೆ, ಇಲ್ಲದ ಮಾತು ಹುಟ್ಟುತ್ತದೆ. ಎಲ್ಲ ಧರ್ಮದ ಮಕ್ಕಳೂ ಬರುವ ಸರ್ಕಾರಿ ಜಾಗ ಎನ್ನುವುದೂ ನೆನಪಿರಲಿ.

ಎರಡನೇ ಆಯ್ಕೆ ರಾತ್ರಿ. ‘ಕರೆಂಟ್ ಹೋದ ಮೇಲೆ’ ಎಂದು ಹೆಸರಿಡಿ. ಮಲೆನಾಡಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಪತ್ತೇದಾರಿ, ದೆವ್ವದ ಕಥೆ, ನಕ್ಷತ್ರ, ಗೂಬೆ, ಬಾವಲಿ, ರಾತ್ರಿ ಪಾಳಿಯ ಕೆಲಸಗಾರರು, ಯುದ್ಧ ಕಾಲದ ದಿನಚರಿ. ಹಳೆಯ ಗ್ರಂಥಾಲಯಗಳಲ್ಲಿ ಪತ್ತೇದಾರಿ ಕಾದಂಬರಿ ಧಾರಾಳವಾಗಿರುತ್ತವೆ, ಹುಡುಗರು ಮೊದಲು ಕೈ ಹಾಕುವುದೂ ಅವಕ್ಕೇ.

ಮೂರನೆಯದು ಮಳೆ. ನಿಮಗೆ ನಾನು ಹೇಳುವುದು ಇದನ್ನೇ. ಕಾರಣ ಕ್ಯಾಲೆಂಡರಿನಲ್ಲೇ ಇದೆ. ಶಾಲೆಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರದಲ್ಲಿ, ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಅಶ್ವಿನಿ ಮಳೆ ಹುಟ್ಟುವುದು ಸುಮಾರು ಏಪ್ರಿಲ್ 13ಕ್ಕೆ, ಭರಣಿ 27ಕ್ಕೆ, ಕೃತ್ತಿಕೆ ಮೇ 11ಕ್ಕೆ. ರೋಹಿಣಿ ಹುಟ್ಟುವ ಹೊತ್ತಿಗೆ ಮೇ 25, ನಿಮ್ಮ ಕಾರ್ಯಕ್ರಮ ಮುಗಿದಿರುತ್ತದೆ. ಮೂರು ಮಳೆ, ಒಂದೊಂದಕ್ಕೆ ಎರಡೆರಡು ವಾರ, ಒಟ್ಟು ಆರು ವಾರ. ‘ವಾರ 1, ವಾರ 2’ ಎಂದು ಬರೆಯುವ ಬದಲು ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಬರೆಯಿರಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುವುದನ್ನು ಮನೆಯ ಹಿರಿಯರಿಂದ ಕೇಳಿದ ಮಕ್ಕಳು ಇದ್ದೇ ಇರುತ್ತಾರೆ, ಕೇಳದವರು ಹೋಗಿ ಕೇಳಿಕೊಂಡು ಬರಲಿ. ಪ್ರತಿ ಮಳೆಗೂ ಒಂದು ಬಗೆಯ ಓದು ಕೊಡಬಹುದು: ಅಶ್ವಿನಿಗೆ ಸಾಹಸ ಮತ್ತು ಪ್ರವಾಸ, ಭರಣಿಗೆ ಮಣ್ಣು, ನದಿ, ವಿಜ್ಞಾನ, ಕೃತ್ತಿಕೆಗೆ ಗುಡುಗು ಸಿಡಿಲಿನ ಭಯದ ಕಥೆ. ಚಟುವಟಿಕೆಗೂ ಕಾಸು ಬೇಡ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರುವ, ಚಪ್ಪಟೆ ತಳದ ಗಾಜಿನ ಡಬ್ಬಕ್ಕೆ ಸ್ಕೇಲು ಅಂಟಿಸಿ ಬಯಲಲ್ಲಿಟ್ಟರೆ ಮಳೆ ಎಷ್ಟು ಮಿಲಿಮೀಟರ್ ಎಂದು ಅವರೇ ಅಳೆಯುತ್ತಾರೆ. ಕುತ್ತಿಗೆ ಕಿರಿದಾದ ಬಾಟಲಿ ಇಟ್ಟರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ನೀರು ಬೀಳುವ ಬಾಯಿಯೂ ನಿಲ್ಲುವ ತಳವೂ ಒಂದೇ ಅಳತೆ ಇರಬೇಕು. ತೋಟಗಳಲ್ಲಿ ಮಳೆಯ ಲೆಕ್ಕ ಬರೆದಿಡುವವರು ಸಾಕಷ್ಟಿದ್ದಾರೆ, ಒಬ್ಬರನ್ನು ಅವರ ಪುಸ್ತಕದ ಸಮೇತ ಕರೆಸಿ.

ಹೀಗೆ ಎರಡು ಮೂರು ವಿಷಯ ಕೈಗೆ ಬಂದ ಮೇಲೆ ಮಕ್ಕಳನ್ನು ಕೇಳಿ, ಅದಕ್ಕೆ ಮುಂಚೆ ಬೇಡ. ‘ಯಾವ ವಿಷಯ ಬೇಕು?’ ಎಂದು ಖಾಲಿ ಕೇಳಿದರೆ ಕ್ರಿಕೆಟ್, ಸಿನಿಮಾ ಎಂಬ ಉತ್ತರ ಬರುತ್ತದೆ, ನೀವು ಅದನ್ನು ಒಪ್ಪಲಾಗದೆ ಅವರ ನಂಬಿಕೆ ಕಳೆದುಕೊಳ್ಳುತ್ತೀರಿ. ಆರೆಂಟು ಜನರನ್ನು ಕೂರಿಸಿ. ಹುಡುಗಿಯರು ಅರ್ಧದಷ್ಟಿರಲಿ, ಓದದವರು ಇಬ್ಬರಾದರೂ ಇರಲಿ. ಮೂರು ಹೆಸರು, ಮೂರು ಸಣ್ಣ ಪೆನ್ಸಿಲ್ ಚಿತ್ರ ಮುಂದಿಡಿ. ‘ಚೆನ್ನಾಗಿದೆಯಾ?’ ಎಂದು ಮಾತ್ರ ಕೇಳಬೇಡಿ, ಮೇಡಂಗೆ ಬೇಜಾರಾಗುತ್ತದೆಂದು ಎಲ್ಲರೂ ಹೌದು ಅನ್ನುತ್ತಾರೆ. ‘ಇದು ಯಾವ ಕ್ಲಾಸಿನವರಿಗೆ ಮಾಡಿದ್ದು ಅನಿಸುತ್ತದೆ?’ ಎಂದು ಕೇಳಿ. ‘ಐದು, ಆರು’ ಎಂದರೆ ಆ ಚಿತ್ರ ಬಿಟ್ಟುಬಿಡಿ. ‘ಪಿಯುಸಿ’ ಎಂದರೆ ಸರಿಯಾದ ದಾರಿಯಲ್ಲಿದ್ದೀರಿ. ಈ ವಯಸ್ಸಿನವರು ತಮಗಿಂತ ಎರಡು ವರ್ಷ ದೊಡ್ಡವರ ವಸ್ತುವಿಗೆ ಆಸೆಪಡುತ್ತಾರೆ, ಚಿಕ್ಕವರದನ್ನು ಮುಟ್ಟುವುದೂ ಇಲ್ಲ.

ಹೆಸರಿನಲ್ಲಿ ಎರಡೇ ಎಚ್ಚರ. ‘ಬನ್ನಿ ಓದೋಣ’, ‘ಪುಸ್ತಕವೇ ಗೆಳೆಯ’, ‘ಜ್ಞಾನದ ಬೆಳಕು’ ಇವೆಲ್ಲ ಶಾಲೆಯ ಗೋಡೆಯ ಮೇಲೆ ಆಗಲೇ ಇವೆ. ಹಾಗೆಂದು ಇನ್‌ಸ್ಟಾಗ್ರಾಮ್ ಭಾಷೆಗೆ ಇಳಿದರೆ ಇನ್ನೂ ಕೆಡುತ್ತದೆ. ದೊಡ್ಡವರು ‘ಮಗಾ, ಸಖತ್ತಾಗಿ ಓದು’ ಎಂದು ಬ್ಯಾನರ್ ಹಾಕಿದರೆ ಮಕ್ಕಳು ನಗುವುದು ಬ್ಯಾನರಿಗೆ. ‘ಮೊದಲ ಮಳೆ’ಯಂಥ ಎರಡು ಮೂರು ಪದ ಸಾಕು. ಓದು ಎಂಬ ಪದ ಹೆಸರಿನಲ್ಲಿ ಇರಲೇಬೇಕೆಂದಿಲ್ಲ, ಕೆಳಗೆ ಸಣ್ಣಕ್ಷರದಲ್ಲಿ ‘ಹೈಸ್ಕೂಲು, ಪಿಯುಸಿ ಮಕ್ಕಳ ಬೇಸಿಗೆ ಓದು’ ಎಂದಿದ್ದರಾಯಿತು.

ಈಗ ಚಿತ್ರ. ನಿಮ್ಮ ಮುದ್ರಣಾಲಯ ಜೆರಾಕ್ಸ್ ಯಂತ್ರ ಎಂದಾದ ಮೇಲೆ ಚಿತ್ರವನ್ನು ಅದಕ್ಕೆಂದೇ ಬರೆಸಬೇಕು. ಕಪ್ಪು ಗೆರೆಯ ಚಿತ್ರ, ಗೆರೆಯ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ ಬೇಡ. ಪೆನ್ಸಿಲ್ ಛಾಯೆ, ಜಲವರ್ಣ, ಮೊಬೈಲಿನ ಫೋಟೋ ಎಲ್ಲ ಜೆರಾಕ್ಸಿನಲ್ಲಿ ಕಲೆ ಕಲೆಯಾಗುತ್ತವೆ, ನಕಲಿನ ನಕಲು ತೆಗೆದಷ್ಟೂ ಮುಖ ಮಸಿಯಾಗುತ್ತದೆ. ಅಂಗೈಗಿಂತ ದೊಡ್ಡ ಕಪ್ಪು ಜಾಗವೂ ಬೇಡ. ಟೋನರ್ ಅಲ್ಲಿ ಸಮನಾಗಿ ಕೂರದೆ ಬೂದು ಪಟ್ಟೆ ಬೀಳುತ್ತದೆ. ‘ಕರೆಂಟ್ ಹೋದ ಮೇಲೆ’ ವಿಷಯಕ್ಕೆ ಇದೇ ತೊಡಕು, ರಾತ್ರಿಯನ್ನು ಕಪ್ಪು ಬಳಿದು ತೋರಿಸಲು ಹೋದರೆ ಕೆಡುತ್ತದೆ. ನೀಲಿ ಬಣ್ಣದ ಕಾಗದಕ್ಕೆ ಕಪ್ಪು ಗೆರೆ ಹಾಕಿಸಿ, ಕಾಗದವೇ ರಾತ್ರಿಯಾಗುತ್ತದೆ. ಬಣ್ಣ ಬೇಕೆಂದಿದ್ದರೆ ಬಣ್ಣದ ಹಾಳೆಯೇ ಅಗ್ಗದ ದಾರಿ. ಮಳೆಗೆ ತಿಳಿ ಹಸಿರು ಅಥವಾ ತಿಳಿ ಹಳದಿ ಒಪ್ಪುತ್ತದೆ. ಯಂತ್ರ ಹಾಳೆಯ ಅಂಚಿನವರೆಗೆ ಮುದ್ರಿಸುವುದಿಲ್ಲ, ನಾಲ್ಕೂ ಕಡೆ 7–8 ಮಿಲಿಮೀಟರ್ ಖಾಲಿ ಬಿಡಿ.

ಏನನ್ನು ಬರೆಸುವುದು? ಪುಸ್ತಕ ಹಿಡಿದು ನಗುವ ಹುಡುಗನನ್ನು ಬೇಡ. ಓದುವವರನ್ನು ತೋರಿಸಿದ ಕೂಡಲೇ ಅವನ ಬಟ್ಟೆ ಯಾವುದು, ಅವಳ ತಲೆಯ ಮೇಲೆ ಏನಿದೆ, ಬಣ್ಣ ಯಾವುದು, ಹುಡುಗಿ ಹಿಂದೆ ಯಾಕಿದ್ದಾಳೆ ಎಂಬ ಪ್ರಶ್ನೆಗಳು ಬರುತ್ತವೆ, ಚಿತ್ರವೂ ಸಪ್ಪೆಯಾಗುತ್ತದೆ. ವಸ್ತುವನ್ನು ಬರೆಸಿ. ಮಳೆಗೆ ಒಂದು ಗೊರಬು (ತಲೆ, ಬೆನ್ನು ಮುಚ್ಚುವ ಬಿದಿರು-ಎಲೆಯ ಮಳೆ ಹೊದಿಕೆ), ಅಥವಾ ತಲೆಯಿಂದ ಬೆನ್ನಿಗಿಳಿದ ಕಂಬಳಿ ಕೊಪ್ಪೆ, ಒಳಗೆ ಯಾರಿದ್ದಾರೆಂದು ಕಾಣದಂತೆ. ಗೂಗಲ್‌ನಲ್ಲಿ ಮಳೆಯ ಚಿತ್ರ ಹುಡುಕಿದರೆ ಸಿಗುವುದು ಹಳದಿ ರೈನ್‌ಕೋಟು, ಮಂಡಿಯವರೆಗಿನ ಬೂಟು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾಗುವುದನ್ನು ಬರೆಸುವುದಾದರೆ ಕಲಾವಿದರಿಗೆ ಒಂದು ಕಾಫಿ ರೆಂಬೆಯನ್ನು ಕೈಗೇ ಕೊಡಿ. ಕಾಫಿ ಎಲೆ ಎದುರುಬದುರು ಜೋಡಿಯಾಗಿ ಹುಟ್ಟುತ್ತದೆ, ಹೂವೂ ಹಣ್ಣೂ ಆ ಎಲೆಬುಡದ ಗಂಟಿನಲ್ಲೇ ರೆಂಬೆಗೆ ಅಂಟಿಕೊಂಡು ಗೊಂಚಲಾಗಿರುತ್ತವೆ. ಕಂಪ್ಯೂಟರ್ ತಾನೇ ತಯಾರಿಸುವ ಎಐ ಚಿತ್ರಗಳಲ್ಲಿ ಅವು ದ್ರಾಕ್ಷಿಯಂತೆ ತುದಿಯಲ್ಲಿ ತೂಗಾಡುವುದುಂಟು. ನಿಮ್ಮ ತಾಲ್ಲೂಕಿನ ಯಾವ ಮಗುವೂ ಅದನ್ನು ಒಂದು ಕ್ಷಣದಲ್ಲಿ ಹಿಡಿಯುತ್ತದೆ. ಎಐ ಚಿತ್ರದ ಒಳಗಿನ ಕನ್ನಡ ಅಕ್ಷರವನ್ನಂತೂ ನಂಬಲೇಬೇಡಿ, ಒತ್ತಕ್ಷರ ಎಂಬುದು ಅಲ್ಲಿ ಗೀಚಾಗಿ ಹೋಗಿರುವುದುಂಟು. ವಾರ್ಲಿ ಮನುಷ್ಯರನ್ನೂ ಬಿಡಿ. ಅದು ಮಹಾರಾಷ್ಟ್ರದ ಪಾಲ್ಘರ್, ಠಾಣೆ ಕಡೆಯ ಕಲೆ, ಸರ್ಕಾರಿ ಕಾಂಪೌಂಡ್ ಗೋಡೆಗಳ ಮೇಲೆ ಕುಣಿದು ಕುಣಿದು ಸುಸ್ತಾಗಿದೆ. ಚಿತ್ತಾರ ಬೇಕೆಂದರೂ ಅದು ಸಾಗರ, ಸೊರಬದ ದೀವರ ಮನೆಗಳದ್ದು, ಹಾಸನದ್ದಲ್ಲ.

ಗೂಗಲ್‌ನಲ್ಲಿ ಸಿಕ್ಕಿತು ಎಂಬುದು ಅನುಮತಿಯಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ. ಅವರು ಬರೆದ ಚಿತ್ರಗಳ ಹಕ್ಕು 2067ರ ಕೊನೆಯವರೆಗೂ ಜೀವಂತ, ಅವರ ಹಕ್ಕಿ ಚಿತ್ರ ಎಷ್ಟೇ ಹಂಚಿಕೆಯಾಗಿದ್ದರೂ ವಾರಸುದಾರರನ್ನು ಕೇಳದೆ ಪೋಸ್ಟರಿಗೆ ಹಾಕುವಂತಿಲ್ಲ. ಬೇಲೂರು ಹಳೇಬೀಡಿನ ಕಲ್ಲಿಗೆ ಆ ಮಾತಿಲ್ಲ, ಯಾರಾದರೂ ನೋಡಿ ಬರೆಯಬಹುದು. ಆದರೆ ಬೇರೆಯವರು ತೆಗೆದ ಫೋಟೋದ ಹಕ್ಕು ಫೋಟೋ ತೆಗೆದವರದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿರುವ ಚಿತ್ರಗಳನ್ನು ಹೆಚ್ಚಾಗಿ ಕಲಾವಿದರ ಹೆಸರು ಹಾಕಿ ಬಳಸಬಹುದು, ಚಿತ್ರದ ಜೊತೆಗಿರುವ ಪರವಾನಗಿ ಓದಿಕೊಳ್ಳಿ. ತೊಂದರೆ ಏನೆಂದರೆ ಅವು ಪುಟ್ಟ ಮಕ್ಕಳ ಕಥೆಗೆ ಬರೆದವು, ನಿಮ್ಮ ಗುಂಪು ಮೂಗು ಮುರಿಯುತ್ತದೆ.

ಇಷ್ಟೆಲ್ಲ ಯಾಕೆ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರನ್ನೋ ಚಿತ್ರಕಲಾ ಕಾಲೇಜಿನಲ್ಲಿ ಓದುವ ನಿಮ್ಮೂರಿನ ಹುಡುಗಿಯನ್ನೋ ಹಿಡಿಯಿರಿ. ಅವರಿಗೆ ಒಂದು ಹಾಳೆಯಲ್ಲಿ ಬರೆದು ಕೊಡಬೇಕಾದ್ದು: ವಿಷಯದ ಹೆಸರು, ಯಾರಿಗಾಗಿ, ಎಲ್ಲೆಲ್ಲಿ ಬಳಕೆ, ಅಳತೆ, ಒಂದೇ ಬಣ್ಣ ಎಂಬ ಷರತ್ತು, ಬೇಡದವುಗಳ ಪಟ್ಟಿ, ಮೊದಲು ಮೂರು ಬೆಂಕಿಪೊಟ್ಟಣದಷ್ಟು ಸಣ್ಣ ಕರಡು, ಆರಿಸಿದ ಮೇಲೆ ಎರಡು ಸಲದವರೆಗೆ ತಿದ್ದುಪಡಿ, ಸಂಭಾವನೆ, ಕೊನೆಯ ದಿನಾಂಕ. ‘ಸುಮ್ಮನೆ ಚೆನ್ನಾಗಿರೋದು ಒಂದು ಬರೆದುಕೊಡಿ’ ಎಂದರೆ ಏಳು ಬಣ್ಣದ ಕಾಮನಬಿಲ್ಲು ಬರುತ್ತದೆ, ಆಮೇಲೆ ಬೇಡ ಎನ್ನಲು ಮುಖ ಬರುವುದಿಲ್ಲ. ಸಂಭಾವನೆ ಸಣ್ಣದಾದರೂ ಕೊಡಿ, ಹೆಸರು ಪೋಸ್ಟರಿನ ಮೂಲೆಯಲ್ಲಿ ಹಾಕಿ. ಬಳಕೆಯ ಒಪ್ಪಿಗೆ ಬರವಣಿಗೆಯಲ್ಲಿರಲಿ. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ತಿಳಿಯುತ್ತದೆ. ಬರೆದವರು 18 ತುಂಬದವರಾದರೆ ತಂದೆ ಅಥವಾ ತಾಯಿಯ ಸಹಿ ಬೇಕು.

ಚಿತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆಯದೆ ಸ್ಕ್ಯಾನ್ ಮಾಡಿಸಿ, 300 ಡಿಪಿಐ (ಇಂಚಿಗೆ 300 ಚುಕ್ಕೆ). ಎ4 ಹಾಳೆಗೆ 2480×3508 ಪಿಕ್ಸೆಲ್, ಎ3 ಪೋಸ್ಟರಿಗೆ 3508×4961. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಅಕ್ಷರದ ವಿಷಯದಲ್ಲಿ ಕೆಡುವಷ್ಟು ಬೇರೆಲ್ಲೂ ಕೆಡುವುದಿಲ್ಲ. ನೀವು ಯೂನಿಕೋಡಿನಲ್ಲಿ ಟೈಪ್ ಮಾಡುತ್ತೀರಿ, ಪ್ರೆಸ್ಸಿನವರ ಪುಟ ಜೋಡಿಸುವ ತಂತ್ರಾಂಶ, ಪೇಜ್‌ಮೇಕರ್ ಅಥವಾ ಹಳೆಯ ಕೋರೆಲ್, ನುಡಿ, ಶ್ರೀಲಿಪಿಯ ಹಳೆ ಫಾಂಟುಗಳಲ್ಲಿ ಓಡುತ್ತಿರುತ್ತದೆ. ಪರಿವರ್ತಿಸುವಾಗ ಅರ್ಕಾವೊತ್ತು ಜಾಗ ಬಿಡುತ್ತದೆ, ‘ಕ್ಷ’, ‘ತ್ಸ್ಯ’ ಬಿಡಿಬಿಡಿಯಾಗಿ ನಿಲ್ಲುತ್ತವೆ. ಫೋಟೋಶಾಪಿನಲ್ಲಿ ಒತ್ತಕ್ಷರ ಒಡೆದರೆ ಟೈಪ್ ಸೆಟ್ಟಿಂಗಿನಲ್ಲಿ ಭಾರತೀಯ ಭಾಷೆಗಳ ಆಯ್ಕೆ ಆನ್ ಮಾಡಬೇಕು. ಎಲ್ಲಕ್ಕಿಂತ ಸುಲಭವಾದದ್ದು, ನಿಮ್ಮ ಕಂಪ್ಯೂಟರಿನಲ್ಲೇ ಪುಟ ಮುಗಿಸಿ, ಅಕ್ಷರಗಳನ್ನು ಕರ್ವ್ಸ್ (ಫಾಂಟ್ ಬೇಡದ ಗೆರೆಯ ಆಕಾರ) ಮಾಡಿ ಪಿಡಿಎಫ್ ಕೊಡುವುದು. ಆಗ ಅವರ ಬಳಿ ಯಾವ ಫಾಂಟ್ ಇದ್ದರೂ ಇಲ್ಲದಿದ್ದರೂ ಒಂದೇ. ಉಚಿತ ಫಾಂಟುಗಳಲ್ಲಿ ಶೀರ್ಷಿಕೆಗೆ ಬಾಲೂ ತಮ್ಮ 2 ಅಥವಾ ಅನೇಕ್ ಕನ್ನಡದ ದಪ್ಪ ರೂಪ, ಒಳಗಿನ ಬರಹಕ್ಕೆ ನೋಟೋ ಸೆರಿಫ್ ಕನ್ನಡ ಸಾಕು. ಒಂದು ಪುಟಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗೋಡೆಯ ಪೋಸ್ಟರಿಗೆ ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಎಂಬುದು ಒಳ್ಳೆಯ ಲೆಕ್ಕ, ಒತ್ತು ಬಿಟ್ಟು ಮೂಲ ಅಕ್ಷರದ ಎತ್ತರ ಅಳೆಯಿರಿ. ರಸ್ತೆಯಾಚೆ ಮೂವತ್ತು ಅಡಿಯಿಂದ ಕಾಣಬೇಕೆಂದರೆ ಮೂರು ಇಂಚು.

ಫ್ಲೆಕ್ಸ್ ಮಾಡಿಸಬೇಡಿ. ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನರ್ ರಾಜ್ಯದಲ್ಲಿ 2016ರಿಂದ ನಿಷೇಧ, ಪಂಚಾಯತಿ ಕೇಂದ್ರವೇ ಅದನ್ನು ಕಟ್ಟಿದರೆ ಚೆನ್ನಾಗಿರುವುದಿಲ್ಲ. ಬಟ್ಟೆ ಬ್ಯಾನರಿನ ಮೇಲೆ ಬೋರ್ಡ್ ಬರೆಯುವವರ ಕೈಯಲ್ಲಿ ಬರೆಸಿ. ಅವರ ಅಕ್ಷರ ಯಾವ ಫಾಂಟಿಗೂ ಕಡಿಮೆಯಿಲ್ಲ.

ಓದಿನ ಕಾರ್ಡು. ಒಂದೇ ಎ4 ಹಾಳೆಯ ಒಂದು ಮಗ್ಗುಲಿಗೆ ಜೆರಾಕ್ಸ್ ತೆಗೆದು ಎಂಟು ಪುಟದ ಪುಟ್ಟ ಪುಸ್ತಿಕೆ ಮಾಡಬಹುದು, ಅಂಗಿಯ ಜೇಬಿಗೆ ಹಿಡಿಯುತ್ತದೆ, ಅಜ್ಜಿ ಮನೆಗೂ ಹೋಗುತ್ತದೆ. ಹಾಳೆಯನ್ನು ಅಡ್ಡ ಇಟ್ಟು ಮೇಲೆ ನಾಲ್ಕು ಕೆಳಗೆ ನಾಲ್ಕು ಮನೆ ಮಾಡಿ. ಕೆಳಗಿನ ಸಾಲಿನಲ್ಲಿ ಎಡದಿಂದ ಹಿಂಬದಿ ರಕ್ಷಾಪುಟ, ಮುಖಪುಟ, 2, 3. ಮೇಲಿನ ಸಾಲಿನಲ್ಲಿ ಎಡದಿಂದ 7, 6, 5, 4, ಈ ನಾಲ್ಕೂ ತಲೆಕೆಳಗಾಗಿ. ಎಲ್ಲ ಮಡಿಕೆ ಹಾಕಿ ಬಿಚ್ಚಿ, ನಡುವಿನ ಅಡ್ಡ ಮಡಿಕೆಯಲ್ಲಿ ಮಧ್ಯದ ಎರಡು ಮನೆಯಷ್ಟು ಉದ್ದ ಮಾತ್ರ ಕತ್ತರಿಸಿ. ಅಂಚಿನವರೆಗೆ ಕತ್ತರಿಸಿದರೆ ಎರಡು ತುಂಡಾಗುತ್ತದೆ. ಉದ್ದುದ್ದಕ್ಕೆ ಮಡಿಸಿ ಎರಡೂ ತುದಿಯಿಂದ ಒಳಕ್ಕೆ ತಳ್ಳಿದರೆ ನಡು ತೆರೆದು ಪುಸ್ತಿಕೆಯಾಗುತ್ತದೆ. 2–3 ಅಶ್ವಿನಿಗೆ, 4–5 ಭರಣಿಗೆ, 6–7 ಕೃತ್ತಿಕೆಗೆ. ಪ್ರತಿ ಜೋಡಿಪುಟದಲ್ಲಿ ಪುಸ್ತಕದ ಹೆಸರು ಬರೆಯುವ ಗೆರೆ ಮೂರು, ಉಳಿದದ್ದು ಖಾಲಿ, ಅವರೇ ಏನಾದರೂ ಗೀಚಲಿ. ‘ಈ ಪುಸ್ತಕದಿಂದ ಕಲಿತ ನೀತಿ’ ಎಂಬ ಕಲಂ ಹಾಕಿದಿರೋ, ಅದು ಹೋಮ್‌ವರ್ಕ್ ಆಯಿತು. ಜೆರಾಕ್ಸಿನವರಿಗೆ ನೂರಕ್ಕೆ ನೂರು ಅಳತೆಯಲ್ಲಿ ತೆಗೆಯಲು ಹೇಳಿ. ‘ಪುಟಕ್ಕೆ ಹೊಂದಿಸು’ ಆಯ್ಕೆ ಇದ್ದರೆ ಚಿತ್ರ ಸ್ವಲ್ಪ ಕುಗ್ಗಿ ಮಡಿಕೆಯೂ ಗೆರೆಯೂ ಕೂಡುವುದಿಲ್ಲ, ಬರಹ ಪಕ್ಕದ ಪುಟಕ್ಕೆ ಹರಿಯುತ್ತದೆ. ಐವತ್ತು ಪ್ರತಿ ತೆಗೆಸುವ ಮುಂಚೆ ಒಂದನ್ನು ಮಡಿಸಿ ನೋಡಿ.

ಬ್ಯಾಡ್ಜ್ ಮಾಡಿಸುವುದಾದರೆ 58 ಮಿಲಿಮೀಟರಿನದು ಸಾಮಾನ್ಯ ಅಳತೆ. ಮುಖ್ಯ ಚಿತ್ರ 50 ಮಿಲಿಮೀಟರ್ ವೃತ್ತದೊಳಗೆ ಇರಲಿ, ಅಂಚು ಹಿಂದಕ್ಕೆ ಮಡಚಿಹೋಗುತ್ತದೆ. ಬಹುಮಾನಕ್ಕೆ ಇಷ್ಟು ಸಾಕು.

ಕಾಲದ ಲೆಕ್ಕವನ್ನು ಹಿಂದಿನಿಂದ ಹಾಕಿ. ಏಪ್ರಿಲ್ 13ಕ್ಕೆ ಶುರುವಾಗಬೇಕೆಂದರೆ ಪುಸ್ತಿಕೆ ಶಾಲೆ ಮುಚ್ಚುವ ವಾರದ ಮೊದಲೇ ಮಕ್ಕಳ ಕೈಯಲ್ಲಿರಬೇಕು, ರಜೆ ಬಿಟ್ಟ ಮೇಲೆ ಅವರನ್ನು ಹುಡುಕಲಾಗುವುದಿಲ್ಲ. ಅಂದರೆ ಮುದ್ರಣ ಮಾರ್ಚ್ 20ಕ್ಕೆ, ಚಿತ್ರ ಮಾರ್ಚ್ 5ಕ್ಕೆ, ಕರಡು ಫೆಬ್ರವರಿ ಮಧ್ಯಕ್ಕೆ, ವಿಷಯ ಜನವರಿ ಕೊನೆಗೆ. ಮಾರ್ಚ್‌ನಲ್ಲಿ ಪರೀಕ್ಷೆ, ಆಗ ಮಕ್ಕಳನ್ನು ಸಭೆಗೆ ಕರೆಯುವಂತಿಲ್ಲ. ಎಸ್ಎಸ್ಎಲ್‌ಸಿ ಎರಡನೇ ಪರೀಕ್ಷೆ ಬರೆಯುವವರು ಮೇ ತಿಂಗಳಲ್ಲಿ ಬರಲಿಕ್ಕಿಲ್ಲ, ಹತ್ತಕ್ಕೆ ಹೋಗುವವರಿಗೆ ಬೇಗ ತರಗತಿ ಶುರುವಾಗಿರಬಹುದು. ನಿಮ್ಮ ಗಟ್ಟಿ ಗುಂಪು ಎಂಟು ಮುಗಿಸಿದವರು ಮತ್ತು ಹತ್ತು ಬರೆದು ಬಿಡುವಾದವರು. ಸೇರುವ ಹೊತ್ತು ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ ಇಟ್ಟುಕೊಳ್ಳಿ. ಸಂಜೆಯ ಗುಡುಗು ಮಳೆ, ಆನೆ ಓಡಾಟ, ಕೊನೆಯ ಬಸ್ಸು, ಮೂರರ ಗೋಜೂ ಇರುವುದಿಲ್ಲ.

ಮುಗಿದ ಮೇಲೆ ಚಿತ್ರದ ಮೂಲ ಸ್ಕ್ಯಾನು, ಅಕ್ಷರ ತಿದ್ದಲು ಬರುವ ಫೈಲು, ಬಳಸಿದ ಫಾಂಟು, ಕಲಾವಿದರ ಒಪ್ಪಿಗೆ ಪತ್ರ ಇಷ್ಟನ್ನೂ ಒಂದೇ ಫೋಲ್ಡರಿನಲ್ಲಿ ವರ್ಷದ ಹೆಸರು ಹಾಕಿ ಇಡಿ. ಯಾವ ಪುಸ್ತಕ ಎಷ್ಟು ಸಲ ಹೊರಗೆ ಹೋಯಿತು ಎಂಬ ಪಟ್ಟಿಯೂ ಅದರ ಜೊತೆಗಿರಲಿ. ಮುಂದಿನ ಜನವರಿಯಲ್ಲಿ ಕಪಾಟಿನ ಮುಂದೆ ಕೂರುವಾಗ ಮೊದಲು ತೆರೆಯಬೇಕಾದ್ದು ಆ ಪಟ್ಟಿ.